ಕ್ರೋಮ್ ಲುಕ್ ಅಲಾಯ್ ವೀಲ್ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದಿದೆ. ಯಾಕೆ? ಈಗೇನು ಮಾಡಲಿ?

ಕುಂದಾಪುರ_ಕಾರು
ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ನನ್ನ ಸೆಡಾನ್‌ಗೆ 16 ಇಂಚಿನ ಕ್ರೋಮ್ ಲುಕ್ ಅಲಾಯ್ ಹಾಕಿಸಿದೆ. ಹಾಕಿಸಿದಾಗ ಮುಖ ಕಾಣುವಷ್ಟು ಹೊಳಪು ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಸ್ಪೋಕ್ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ನಟ್ ಕೂರುವ ಜಾಗದ ಸುತ್ತ ಬಿಳಿ ಪುಡಿ. ಮೇಲಿನ ಪದರದ ಕೆಳಗೆ ದಾರದಂಥ ಬಿಳಿ ಗೆರೆಗಳು ಅಡ್ಡಾದಿಡ್ಡಿ ಹರಡಿವೆ. ಎಡಗಡೆ ಹಿಂದಿನ ಚಕ್ರದಲ್ಲಂತೂ ಉಗುರು ಹಾಕಿದರೆ ಸಿಪ್ಪೆ ಕಿತ್ತು ಬರುತ್ತದೆ.

ಅಂಗಡಿಯವರನ್ನು ಕೇಳಿದರೆ "ಆಸಿಡ್ ಹಾಕಿ ತೊಳೆಸಿದ್ದೀರಿ, ಫಿನಿಷ್‌ಗೆ ವಾರಂಟಿ ಇಲ್ಲ" ಅಂತಾರೆ. ನಾನು ಮನೆಯಲ್ಲೇ ಕಾರ್ ಶಾಂಪೂ ಹಾಕಿ ತೊಳೆಯುವವನು. ಬಿಲ್‌ನಲ್ಲಿ "ಕ್ರೋಮ್ ಅಲಾಯ್" ಅಂತ ಬರೆದಿದ್ದು ಬಿಟ್ಟರೆ ಬೇರೇನೂ ಇಲ್ಲ.

ಇದು ಅಸಲಿ ಕ್ರೋಮ್ ಹೌದಾ ಅಲ್ವಾ ಅಂತ ಗೊತ್ತಾಗುವುದು ಹೇಗೆ? ರಿಪೇರಿ ಆಗುತ್ತದಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಸಿಲ್ವರ್_ಸಾಕು
ಕರಾವಳಿಯಲ್ಲಿ ಕ್ರೋಮ್ ಹಾಕಿಸಲೇಬಾರದು. ಕಂಪನಿ ಕೊಟ್ಟ ಸಿಲ್ವರ್ ಪೇಂಟ್ ಅಲಾಯ್ ಹತ್ತು ವರ್ಷ ಆದರೂ ಅಲ್ಲಾಡಲ್ಲ.

ಹೊಳಪು_ಪ್ರಿಯ
ಹಾಗೆ ಸಾರಾಸಗಟಾಗಿ ಹೇಳಬೇಡಿ. ಮಂಗಳೂರಿನಲ್ಲೇ ನನ್ನ ಚಿಕ್ಕಪ್ಪನ ಹಳೇ ಎಸ್‌ಯುವಿಯಲ್ಲಿ ಕ್ರೋಮ್ ವೀಲ್ ಇದೆ, ಇನ್ನೂ ಚೆನ್ನಾಗಿದೆ. ಮಾಲು ಒಳ್ಳೆಯದಿರಬೇಕು, ಅಷ್ಟೇ.

ಪೀಣ್ಯ_ಪ್ಲೇಟಿಂಗ್
ನಾನು ಪ್ಲೇಟಿಂಗ್ ಕೆಲಸದಲ್ಲೇ ಇರುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಮೊದಲು ಇದು ಯಾವ ಕ್ರೋಮ್ ಅಂತ ತಿಳಿಯದೆ ಯಾರು ಏನು ಸಲಹೆ ಕೊಟ್ಟರೂ ಉಪಯೋಗ ಇಲ್ಲ. ಮಾರ್ಕೆಟ್‌ನಲ್ಲಿ "ಕ್ರೋಮ್" ಅಂತ ಮಾರುವುದು ಒಂದೇ ವಸ್ತು ಅಲ್ಲ.

ಅಸಲಿ ಕ್ರೋಮ್ ಅಂದರೆ ಎಲೆಕ್ಟ್ರೋಪ್ಲೇಟಿಂಗ್, ಅಂದರೆ ವಿದ್ಯುತ್ ಹರಿಸಿ ಲೋಹದ ಪದರ ಕೂರಿಸುವುದು. ಇಡೀ ಚಕ್ರವನ್ನು ಒಂದಾದ ಮೇಲೊಂದು ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಅಲಾಯ್ ವೀಲ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ, ಅಲ್ಯೂಮಿನಿಯಂಗೆ ಗಾಳಿ ತಾಗಿದ ತಕ್ಷಣ ಮೇಲೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಯಾವ ಲೋಹವೂ ನೆಟ್ಟಗೆ ಹಿಡಿಯಲ್ಲ. ಅದಕ್ಕೇ ಮೊದಲು ಜಿಂಕೇಟ್ ದ್ರಾವಣದಲ್ಲಿ ಅದ್ದಿ ತೆಳು ಸತುವಿನ ಪದರ ಕೂರಿಸಬೇಕು, ಆಮೇಲೆ ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಕೊನೆಯ ಕ್ರೋಮ್ ಪದರ ಅರ್ಧ ಮೈಕ್ರಾನ್ ಆಸುಪಾಸು ಮಾತ್ರ. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿ. ಕಾಪಾಡುವುದು ಕ್ರೋಮ್ ಅಲ್ಲ, ಕೆಳಗಿರುವ ನಿಕ್ಕಲ್. ಒಳ್ಳೆಯ ಕೆಲಸದಲ್ಲಿ ನಿಕ್ಕಲ್ ಎರಡು ಪದರ ಇರುತ್ತದೆ. ಮೇಲಿನದು ಬ್ರೈಟ್, ಕೆಳಗಿನದು ಸೆಮಿ ಬ್ರೈಟ್. ಬ್ರೈಟ್ ನಿಕ್ಕಲ್‌ನಲ್ಲಿ ಗಂಧಕ ಇರುವುದರಿಂದ ತುಕ್ಕು ಮೊದಲು ಅದನ್ನೇ ಅಡ್ಡಡ್ಡ ತಿನ್ನುತ್ತದೆ, ಆಳಕ್ಕೆ ಬೇಗ ಇಳಿಯಲ್ಲ. ಖರ್ಚು ಉಳಿಸುವವರು ಕಡಿಮೆ ಮಾಡುವುದು ಈ ನಿಕ್ಕಲ್ ಅನ್ನೇ. ಹೊಸದರಲ್ಲಿ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲ್ಲ!

ಎರಡನೆಯದು ಪಿವಿಡಿ. ಚಕ್ರಕ್ಕೆ ಪೌಡರ್ ಕೋಟ್ (ಪುಡಿ ಸಿಂಪಡಿಸಿ ಬೇಯಿಸುವ ಪೇಂಟ್) ಹೊಡೆದು, ನಿರ್ವಾತ ಕೋಣೆಯಲ್ಲಿ ಬಹಳ ತೆಳುವಾಗಿ ಲೋಹ ಕೂರಿಸಿ, ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಪೇಂಟ್) ಹಾಕುವುದು. ಮೂರನೆಯದು ಸ್ಪ್ರೇ ಕ್ರೋಮ್. ಇದರಲ್ಲಿ ಬೆಳ್ಳಿಯ ಲವಣ ಸಿಂಪಡಿಸಿ ಹೊಳಪು ತರುತ್ತಾರೆ, ಮೇಲೆ ಮತ್ತೆ ಕ್ಲಿಯರ್ ಕೋಟ್. ಇವೆರಡಲ್ಲೂ ಆಯುಸ್ಸು ನಿಂತಿರುವುದು ಕ್ಲಿಯರ್ ಕೋಟ್ ಮೇಲೆ.

ನಿಮ್ಮದು ಯಾವುದು ಅಂತ ತಿಳಿಯಲು ಎರಡು ಪರೀಕ್ಷೆ ಮಾಡಿ. ಚಕ್ರದ ಹಿಂಬದಿ ನೋಡಿ. ತೊಟ್ಟಿಯಲ್ಲಿ ಮುಳುಗಿಸಿದ್ದರೆ ಹಿಂದೆಯೂ ಲೋಹದ ಬಣ್ಣ ಇರುತ್ತದೆ. ಆಮೇಲೆ ಮಲ್ಟಿಮೀಟರ್ ಅನ್ನು ಬೀಪ್ ಹೊಡೆಯುವ ಮೋಡ್‌ಗೆ ಇಟ್ಟು, ಹೊಳೆಯುವ ಮುಖದ ಮೇಲೆ ಎರಡು ಕಡ್ಡಿ ಇಡಿ. ಅಸಲಿ ಕ್ರೋಮ್ ಆದರೆ ಬೀಪ್ ಬರುತ್ತದೆ. ಮೇಲೆ ಕ್ಲಿಯರ್ ಕೋಟ್ ಇದ್ದರೆ ಸದ್ದು ಬರಲ್ಲ.

ಡೀಟೇಲಿಂಗ್_ಹುಬ್ಬಳ್ಳಿ
ಮಲ್ಟಿಮೀಟರ್ ಐಡಿಯಾ ಸೂಪರ್. ಇನ್ಮೇಲೆ ನಮ್ಮ ಶಾಪ್‌ನಲ್ಲೂ ಮಾಡ್ತೀವಿ.

ಆದರೆ ಅಂಗಡಿಯವರು ಹೇಳಿದ್ದರಲ್ಲೂ ಒಂದಿಷ್ಟು ನಿಜ ಇದೆ. ಎಷ್ಟೋ ವಾಷಿಂಗ್ ಸೆಂಟರ್‌ಗಳಲ್ಲಿ ಹುಡುಗರು ಚಕ್ರಕ್ಕೆ ಆಸಿಡ್ ಕ್ಲೀನರ್ ಹೊಡೆಯುತ್ತಾರೆ. ಬ್ರೇಕ್ ಧೂಳು ಬೇಗ ಬಿಡುತ್ತದೆ, ಗಿರಾಕಿಗೆ ಖುಷಿ. ಕ್ಲಿಯರ್ ಕೋಟ್‌ನಲ್ಲಿ ಸಣ್ಣ ಬಿರುಕು ಇದ್ದರೆ ಆಸಿಡ್ ಒಳಗೆ ಕೂತು ಕೆಲಸ ಶುರು ಮಾಡುತ್ತದೆ. ಚಕ್ರ ಬಿಸಿ ಇದ್ದಾಗ ಹೊಡೆದರಂತೂ ಇನ್ನೂ ಕೆಟ್ಟದು. ಬರೀ ಆಸಿಡ್ ಅಲ್ಲ, ಎಂಜಿನ್ ತೊಳೆಯುವ ಕಾಸ್ಟಿಕ್ ಡಿಗ್ರೀಸರ್ ಕೂಡ ಅಲ್ಯೂಮಿನಿಯಂಗೆ ಆಗಿಬರಲ್ಲ.

ಬ್ರೇಕ್ ಧೂಳಿಗೆ ಪಿಎಚ್ ನ್ಯೂಟ್ರಲ್ ಐರನ್ ರಿಮೂವರ್ ತಗೊಳ್ಳಿ. ಕಬ್ಬಿಣದ ಕಣಕ್ಕೆ ತಾಗಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆಗ ತೊಳೆದರಾಯಿತು. ಒಣಗಲು ಬಿಡಬೇಡಿ.

ಪೀಣ್ಯ_ಪ್ಲೇಟಿಂಗ್
@ಡೀಟೇಲಿಂಗ್_ಹುಬ್ಬಳ್ಳಿ ನೀವು ಹೇಳಿದ್ದು ಸರಿ, ಆದರೆ ಇವರ ಕೇಸ್ ಅದಲ್ಲ ಅನ್ನಿಸುತ್ತದೆ. ಆಸಿಡ್ ಕಲೆ ಹರಿದ ಗುರುತಿನ ತರ, ಮಸುಕು ಮಸುಕಾಗಿ ಇರುತ್ತದೆ. ದಾರದಂಥ ಗೆರೆ ಅಂದರೆ ಫಿಲಿಫಾರ್ಮ್ ತುಕ್ಕು. ಕಲ್ಲು ತಾಗಿದ ಜಾಗದಲ್ಲೋ ಅಂಚಿನಲ್ಲೋ ಒಂದು ತೂತು ಆಗುತ್ತದೆ. ಅಲ್ಲಿಂದ ಉಪ್ಪು, ತೇವ ಎರಡೂ ಒಳಗೆ ಹೋಗಿ ಪದರದ ಕೆಳಗೇ ಮುಂದೆ ಮುಂದೆ ಸಾಗುತ್ತವೆ. ಅದಕ್ಕೆ ಒದ್ದೆ ಗಾಳಿ ಬೇಕು, ಉಪ್ಪು ಬೇಕು. ಕುಂದಾಪುರದ ಮಳೆಗಾಲದಲ್ಲಿ ಎರಡಕ್ಕೂ ಕೊರತೆ ಇಲ್ಲ.

ಮಲ್ಪೆ_ರೈಡರ್
ಮರವಂತೆ ರಸ್ತೆಯಲ್ಲಿ ದಿನಾ ಓಡಾಡುವವರಾ ನೀವು? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಆಷಾಢದ ಗಾಳಿಗೆ ಅಲೆಯ ತುಂತುರು ಹೆದ್ದಾರಿ ಮೇಲೇ ಬರುತ್ತದೆ. ನಮ್ಮಲ್ಲಿ ಗೇಟು, ಗ್ರಿಲ್ಲು, ಎಸಿ ಔಟ್‌ಡೋರ್ ಯೂನಿಟ್ ಯಾವುದೂ ಉಳಿಯಲ್ಲ. ಚಕ್ರ ಉಳಿಯುತ್ತದಾ?

ನಾನು ಮಾಡುವುದು ಇಷ್ಟೇ. ವಾರಕ್ಕೊಮ್ಮೆ ಸಿಹಿನೀರಿನ ಪೈಪ್ ಹಿಡಿದು ಚಕ್ರದ *ಒಳಗಡೆ* ಚೆನ್ನಾಗಿ ತೊಳೆಯುತ್ತೇನೆ. ಎಲ್ಲರೂ ಹೊರಗೆ ಉಜ್ಜುತ್ತಾರೆ, ಉಪ್ಪು ಕೂರುವುದು ಒಳಗೆ.

ಕುಂದಾಪುರ_ಕಾರು
ಹೌದು, ಬೈಂದೂರಿಗೆ ಹೋಗಿ ಬರುವುದು ಅದೇ ರಸ್ತೆಯಲ್ಲಿ. ಪರೀಕ್ಷೆ ಮಾಡಿದೆ. ಹಿಂಬದಿ ಕಪ್ಪು ಪೇಂಟ್. ಮುಖದ ಮೇಲೆ ಬೀಪ್ ಇಲ್ಲ. ಸಿಪ್ಪೆ ಎದ್ದ ಜಾಗದಲ್ಲಿ ಕೆರೆದು ಇಟ್ಟರೆ ಬೀಪ್ ಬರುತ್ತದೆ. ಅಂದರೆ ಇದು ಅಸಲಿ ಕ್ರೋಮ್ ಅಲ್ಲ ಅಲ್ವಾ?

ಪೀಣ್ಯ_ಪ್ಲೇಟಿಂಗ್
ಅಲ್ಲ. ಪಿವಿಡಿ ಅಥವಾ ಸ್ಪ್ರೇ. ಕಿತ್ತ ಸಿಪ್ಪೆಯ ಅಂಚು ನೋಡಿ. ಕಂದು ಅಥವಾ ಹಳದಿ ಬಣ್ಣಕ್ಕೆ ತಿರುಗಿದ್ದರೆ ಬೆಳ್ಳಿ ಸ್ಪ್ರೇ ಇರುವ ಸಾಧ್ಯತೆ ಜಾಸ್ತಿ. ಮನೆಯ ಬೆಳ್ಳಿ ಲೋಟ ಕಪ್ಪಾಗುವುದೂ ಇದೇ ಕಾರಣಕ್ಕೆ, ಗಾಳಿಯಲ್ಲಿರುವ ಗಂಧಕ. ಹಾಗಿಲ್ಲದಿದ್ದರೆ ಪಿವಿಡಿ.

ಬಿಳಿ ಪುಡಿ ಬಂದಿದೆ ಅಂದರೆ ಕೆಳಗಿನ ಅಲ್ಯೂಮಿನಿಯಂ ತನಕ ನೀರು ಹೋಗಿದೆ. ಬರೀ ಕಲ್ಲೇಟಿಗೆ ಒಂದೇ ಮಳೆಗಾಲದಲ್ಲಿ ನಾಲ್ಕೂ ಚಕ್ರ ಹೀಗಾಗಲ್ಲ. ಬೇಸ್ ಕೋಟ್ ಹಾಕುವ ಮುಂಚೆ ಚಕ್ರವನ್ನು ಸರಿಯಾಗಿ ತೊಳೆದು ಕನ್ವರ್ಷನ್ ಕೋಟಿಂಗ್ (ಪೇಂಟ್ ಹಿಡಿಯಲು, ತುಕ್ಕು ತಡೆಯಲು ಮಾಡುವ ರಾಸಾಯನಿಕ ಪದರ) ಮಾಡಿಲ್ಲ ಅಂತ ನನ್ನ ಅನುಮಾನ.

ಹೊಳಪು_ಪ್ರಿಯ
ಪಿವಿಡಿ ಕೆಟ್ಟದು ಅನ್ನುವ ಅರ್ಥ ಬರುತ್ತಿದೆ, ಅದು ತಪ್ಪು. ಡ್ರಿಲ್ ಬಿಟ್ ಮೇಲೆ ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಇರುತ್ತಲ್ಲ, ಅದೂ ಪಿವಿಡಿನೇ. ಉಕ್ಕು ಕೊರೆದರೂ ಬೇಗ ಸವೆಯಲ್ಲ. ವಾಚ್ ಕೇಸ್‌ಗೂ ಅದನ್ನೇ ಹಾಕ್ತಾರೆ.

ಪೀಣ್ಯ_ಪ್ಲೇಟಿಂಗ್
ಡ್ರಿಲ್ ಬಿಟ್‌ನಲ್ಲಿ ಅದು ನೇರವಾಗಿ ಉಕ್ಕಿನ ಮೇಲೆ, ಹೆಚ್ಚು ಶಾಖದಲ್ಲಿ ಕೂರುತ್ತದೆ. ಗಟ್ಟಿ ಸೆರಾಮಿಕ್ ಪದರ ಅದು. ಚಕ್ರದಲ್ಲಿ ಕೆಳಗೆ ಪೌಡರ್ ಕೋಟ್, ಮೇಲೆ ಕ್ಲಿಯರ್ ಕೋಟ್, ನಡುವೆ ತೆಳು ಲೋಹ. ಕಲ್ಲು ಬಡಿಯುವುದು ಕ್ಲಿಯರ್ ಕೋಟ್‌ಗೆ. ಬಿಸಿಲಿಗೆ ಹಳದಿ ಆಗುವುದೂ ಅದೇ. ವಿಧಾನದ ಹೆಸರು ಒಂದೇ ಅಂತ ಬಾಳಿಕೆ ಒಂದೇ ಆಗಲ್ಲ. ಒಳ್ಳೆಯ ಪಿವಿಡಿ ಚಕ್ರ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇವರಿಗೆ ಸಿಕ್ಕಿದ್ದು ಒಳ್ಳೆಯದಲ್ಲ.

ಜಾವಾ_ಮೈಸೂರು
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ನಮ್ಮ ಮನೆಯಲ್ಲಿ ಹಳೇ ಜಾವಾ ಬೈಕ್ ಇದೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯದು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅದರ ರಿಮ್‌ನ ಕ್ರೋಮ್ ಇವತ್ತಿಗೂ ಒರೆಸಿದರೆ ಫಳಫಳ ಅನ್ನುತ್ತದೆ. ಟ್ಯಾಂಕ್ ಪಕ್ಕದ ಕ್ರೋಮ್ ಕೂಡ. ಪದ್ಮಿನಿ, ಅಂಬಾಸಿಡರ್ ಬಂಪರ್‌ಗಳನ್ನೂ ನೋಡಿದ್ದೇವೆ. ಆಗ ಸಾಧ್ಯ ಆಗಿದ್ದು ಈಗ ಯಾಕೆ ಆಗಲ್ಲ?

ಪೀಣ್ಯ_ಪ್ಲೇಟಿಂಗ್
ಒಳ್ಳೆಯ ಪ್ರಶ್ನೆ. ಅವೆಲ್ಲ ಉಕ್ಕು. ಉಕ್ಕಿನ ಮೇಲೆ ನಿಕ್ಕಲ್ ಹಿಡಿಸುವುದು ಸುಲಭ. ತೂತು ಬಿದ್ದರೆ ಕಂದು ತುಕ್ಕಿನ ಚುಕ್ಕೆ ಬರುತ್ತದೆ, ಆದರೆ ಸುತ್ತಲಿನ ಪದರ ಹಾಗೇ ನಿಲ್ಲುತ್ತದೆ. ಅಲ್ಯೂಮಿನಿಯಂ ಮತ್ತು ನಿಕ್ಕಲ್ ಉಪ್ಪುನೀರಿನಲ್ಲಿ ಒಟ್ಟಿಗೆ ನೆನೆದರೆ ಬ್ಯಾಟರಿಯೇ ಆಗಿಬಿಡುತ್ತದೆ. ಅಲ್ಯೂಮಿನಿಯಂ ಕರಗುತ್ತಾ ಹೋಗಿ ಬಿಳಿ ಪುಡಿ ಉಬ್ಬಿ, ಮೇಲಿನ ಪ್ಲೇಟಿಂಗ್ ಅನ್ನೇ ಎತ್ತಿ ಬಿಸಾಡುತ್ತದೆ. ಜೊತೆಗೆ ನಿಮ್ಮ ಜಾವಾ ಮೈಸೂರಿನ ಹವೆಯಲ್ಲಿ, ಮನೆಯೊಳಗೆ ನಿಲ್ಲುತ್ತದೆ ಅಲ್ವಾ?

ಜಾವಾ_ಮೈಸೂರು
ಮನೆಯೊಳಗೇ, ಹೊದಿಕೆ ಹಾಕಿ. ಒಪ್ಪಿದೆ. ಆದರೆ ಅದನ್ನು ಮಾಡಿದವರ ಕೈಕೆಲಸಕ್ಕೂ ಬೆಲೆ ಇದೆ, ಅದನ್ನು ಮರೆಯಬೇಡಿ.

ಮಿಷಿಗನ್_ಕನ್ನಡಿಗ
ಡೆಟ್ರಾಯಿಟ್ ಹತ್ತಿರ ಇದ್ದೇನೆ. ಇಲ್ಲಿ ಸಮುದ್ರ ಇಲ್ಲ, ಆದರೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಸಾದಾ ಉಪ್ಪಿನ ಜೊತೆ ಕ್ಯಾಲ್ಸಿಯಂ ಕ್ಲೋರೈಡ್ ಕೂಡ. ಇದು ಗಾಳಿಯ ತೇವ ಹೀರಿಕೊಂಡು ಚಕ್ರದ ಮೇಲೆ ಒದ್ದೆಯಾಗೇ ಕೂತಿರುತ್ತದೆ. ಪ್ಲೇಟ್ ಮಾಡಿದ ಕ್ರೋಮ್‌ಗೂ ಇದರಿಂದ ಪೆಟ್ಟು. ಮಾಸ್ಕೋದಲ್ಲೂ ಇದೇ ತೊಂದರೆ ಕಂಡು, ಕಾರ್ ಕಂಪನಿಗಳು "ರಷ್ಯನ್ ಮಡ್" ಅಂತ ಒಂದು ಪರೀಕ್ಷೆಯನ್ನೇ ಶುರು ಮಾಡಿದವು. ಕ್ಯಾಲ್ಸಿಯಂ ಕ್ಲೋರೈಡ್ ಕಲಸಿದ ಮಣ್ಣನ್ನು ಕ್ರೋಮ್ ಮೇಲೆ ಮೆತ್ತಿ ನೋಡುವುದು.

ಇನ್ನೊಂದು ಜಾತಿಯ ಕ್ರೋಮ್ ಯಾರೂ ಹೇಳಲಿಲ್ಲ. ಇಲ್ಲಿನ ಪಿಕಪ್‌ಗಳಲ್ಲಿ ಕ್ರೋಮ್ ಕ್ಲ್ಯಾಡ್ ವೀಲ್ ಜಾಸ್ತಿ. ಒಳಗೆ ಅಲಾಯ್, ಮೇಲೆ ಕ್ರೋಮ್ ಮಾಡಿದ ಪ್ಲಾಸ್ಟಿಕ್ ಮುಖವಾಡವನ್ನು ಅಂಟಿಸಿರುತ್ತಾರೆ. ಬೆರಳಿನಿಂದ ಕುಟ್ಟಿದರೆ ಟೊಳ್ಳು ಸದ್ದು. ಪ್ಲಾಸ್ಟಿಕ್ ಬಿರುಕು ಬಿಟ್ಟರೆ ರಿಪೇರಿ ಅನ್ನುವ ಮಾತೇ ಇಲ್ಲ.

ಇಲ್ಲಿ ತುಂಬಾ ಜನ ನವೆಂಬರ್ ಬಂದರೆ ಚಂದದ ಅಲಾಯ್ ಬಿಚ್ಚಿಟ್ಟು, ಕಪ್ಪು ಸ್ಟೀಲ್ ರಿಮ್‌ಗೆ ವಿಂಟರ್ ಟಯರ್ ಹಾಕಿಕೊಳ್ಳುತ್ತಾರೆ. ನಿಮ್ಮ ಹಳೇ ಸ್ಟೀಲ್ ರಿಮ್ ಇದ್ದರೆ ಮಳೆಗಾಲಕ್ಕೆ ಅದನ್ನೇ ಹಾಕಿಕೊಳ್ಳಬಹುದಲ್ಲ?

ಸಿಲ್ವರ್_ಸಾಕು
ಎರಡು ಸೆಟ್ ಚಕ್ರ, ಎರಡು ಸೆಟ್ ಟಯರ್? ಅಷ್ಟು ದುಡ್ಡಿದ್ದರೆ ಇಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ಟಯರ್_ದಾವಣಗೆರೆ
ಎಲ್ಲರೂ ಹೊಳಪಿನ ಬಗ್ಗೆನೇ ಮಾತಾಡ್ತಿದ್ದೀರಿ. ನನಗೆ ಚಿಂತೆ ಬೇರೆ. ಆ ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ಕಡಿಮೆ ಆಗ್ತಿದೆಯಾ ನೋಡಿ. ಟಯರ್ ರಿಮ್‌ಗೆ ಕೂರುವ ಅಂಚಿನಲ್ಲಿ, ನಾವು ಬೀಡ್ ಅಂತೀವಿ, ಪದರ ಸಿಪ್ಪೆ ಎದ್ದರೆ ಅಲ್ಲಿಂದ ಗಾಳಿ ನಿಧಾನಕ್ಕೆ ಸೋರುತ್ತದೆ. ಪಂಕ್ಚರ್ ಅಂತ ಹುಡುಕಿ ಹುಡುಕಿ ಸಾಕಾಗುತ್ತದೆ. ಮೊಳೆಯೂ ಇರಲ್ಲ, ವಾಲ್ವ್ ಕೂಡ ಸರಿ ಇರುತ್ತದೆ. ಸೋಪು ನೀರು ಅಂಚಿಗೆ ಹಾಕಿದರೆ ಸಣ್ಣ ನೊರೆ ಬರುತ್ತದೆ.

ಕಡಿಮೆ ಗಾಳಿಯಲ್ಲಿ ಹೆದ್ದಾರಿಯಲ್ಲಿ ಓಡಿಸಿದರೆ ಟಯರ್ ಪಕ್ಕದ ಗೋಡೆ ಬಿಸಿಯಾಗಿ ಒಡೆಯಬಹುದು. ಇದು ಅಂದಚಂದದ ವಿಷಯ ಅಲ್ಲ, ಪ್ರಾಣದ ವಿಷಯ.

ಇನ್ನೊಂದು, ನಟ್ ಕೂರುವ ಜಾಗದಲ್ಲಿ ಬಿಳಿ ಪುಡಿ ಅಂದಿರಿ. ಅಲ್ಲಿ ದಪ್ಪ ಪದರ ಇದ್ದು ಅದು ಪುಡಿಯಾದರೆ ನಟ್ ಸಡಿಲ ಆಗುತ್ತದೆ. ಇವತ್ತೇ ಟಾರ್ಕ್ ರೆಂಚ್‌ನಲ್ಲಿ ಚೆಕ್ ಮಾಡಿಸಿ.

ಕುಂದಾಪುರ_ಕಾರು
ಸರ್, ನೀವು ಹೇಳಿದ್ದು ನಿಜ. ಆ ಚಕ್ರಕ್ಕೆ ಮತ್ತೆ ಮತ್ತೆ ಗಾಳಿ ತುಂಬಿಸುತ್ತಲೇ ಇದ್ದೇನೆ. ಟಯರ್ ಅಂಗಡಿಯವರು ವಾಲ್ವ್ ಬದಲಾಯಿಸಿ ಕಳಿಸಿದ್ದರು. ಈಗ ಸೋಪು ನೀರು ಹಾಕಿ ನೋಡಿದೆ, ಅಂಚಿನಲ್ಲೇ ನೊರೆ. ನಟ್ ಕೂಡ ಇವತ್ತು ಸಂಜೆಯೇ ಚೆಕ್ ಮಾಡಿಸುತ್ತೇನೆ.

ಟಯರ್_ದಾವಣಗೆರೆ
ಹಾಗಾದರೆ ಸ್ಟೆಪ್ನಿ ಹಾಕಿಕೊಂಡು, ಈ ಚಕ್ರ ಬಿಚ್ಚಿ ಪಕ್ಕಕ್ಕೆ ಇಡಿ. ಆದರೆ ಸ್ಟೆಪ್ನಿ ಅಳತೆ ಬೇರೆ ಇದ್ದರೆ ನಿಧಾನಕ್ಕೆ ಓಡಿಸಿ, ದೂರ ಹೋಗಬೇಡಿ.

ಡೀಟೇಲಿಂಗ್_ಹುಬ್ಬಳ್ಳಿ
ಸದ್ಯಕ್ಕೆ ಸಿಪ್ಪೆ ಕಿತ್ತು, ಮೇಲೆ ರಬ್ಬರ್ ಸ್ಪ್ರೇ ಹೊಡೆಯಿರಿ. ಬೇಡ ಅನಿಸಿದಾಗ ಸುಲಿದು ತೆಗೆಯಬಹುದು.

ಟಯರ್_ದಾವಣಗೆರೆ
ಒಳಗೆ ತುಕ್ಕು ನಡೆಯುತ್ತಿರುವಾಗ ಮೇಲೆ ಮುಚ್ಚಿದರೆ ಏನು ಪ್ರಯೋಜನ? ಬೇಡವೇ ಬೇಡ.

ಹೊಳಪು_ಪ್ರಿಯ
ಮತ್ತೆ ಅಸಲಿ ಕ್ರೋಮ್ ಮಾಡಿಸಿದರೆ? ಪೀಣ್ಯದಲ್ಲಿ ಎಷ್ಟೊಂದು ಪ್ಲೇಟಿಂಗ್ ಶಾಪ್ ಇವೆ.

ಪೀಣ್ಯ_ಪ್ಲೇಟಿಂಗ್
ಶಾಪ್ ಇವೆ, ಆದರೆ ಬಳಸಿದ ಅಲಾಯ್ ವೀಲ್ ತಗೊಂಡು ಬಂದರೆ ನಾನೇ ಬೇಡ ಅಂತೀನಿ. ತುಕ್ಕು ತಿಂದ ಗುಳಿಗಳನ್ನು ತೆಗೆಯಲು ತುಂಬಾ ಉಜ್ಜಬೇಕು, ಲೋಹ ತೆಳುವಾಗುತ್ತದೆ. ಎರಕದ ಸಣ್ಣ ರಂಧ್ರಗಳು ತೆರೆದುಕೊಂಡು ಅದರಲ್ಲಿ ಆಸಿಡ್ ಉಳಿದರೆ ಮತ್ತೆ ಗುಳ್ಳೆ. ಖರ್ಚು ಮಾತ್ರ ಹೊಸ ಚಕ್ರದ ಹತ್ತಿರ ಹೋಗುತ್ತದೆ.

ಇನ್ನೊಂದು ವಿಷಯ ಮನಸ್ಸಿನಲ್ಲಿದೆ. ಹಳೇ ಪದ್ಧತಿಯ ಕ್ರೋಮ್ ತೊಟ್ಟಿಯಲ್ಲಿ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ರಾಸಾಯನಿಕ. ಅದರ ಆವಿ ಕೆಲಸದವರ ಮೂಗು, ಶ್ವಾಸಕೋಶಕ್ಕೆ ಹೋಗುತ್ತದೆ. ನೀರನ್ನು ಶುದ್ಧ ಮಾಡದೆ ಬಿಟ್ಟರೆ ಅಂತರ್ಜಲ ಹಾಳು. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ನಿಯಮ ತಂದು, ಅಲಂಕಾರದ ಕ್ರೋಮ್‌ಗೆ ಅದನ್ನು 2027ರಿಂದ ನಿಲ್ಲಿಸಲು ಹೊರಟಿತು. ಬದಲಿಗೆ ಟ್ರೈವೇಲೆಂಟ್ ಕ್ರೋಮಿಯಂ ಇದೆ, ಬಣ್ಣ ಸ್ವಲ್ಪ ಬೇರೆ. ಕಡಿಮೆ ರೇಟಿಗೆ ಕ್ರೋಮ್ ಮಾಡಿಕೊಡುತ್ತೇವೆ ಅನ್ನುವವರು ಆ ಕೊಳಕು ನೀರನ್ನು ಎಲ್ಲಿ ಬಿಡುತ್ತಾರೆ ಅಂತ ಒಮ್ಮೆ ಕೇಳಿ. ಮಾಸ್ಕ್ ಇಲ್ಲದೆ ತೊಟ್ಟಿ ಪಕ್ಕ ನಿಲ್ಲುವ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮಿಷಿಗನ್_ಕನ್ನಡಿಗ
+1. ರಷ್ಯನ್ ಮಡ್ ವಿಷಯದಲ್ಲೂ ಟ್ರೈವೇಲೆಂಟ್‌ನ ಕೆಲವು ಬಗೆಗಳು ಹಳೆಯದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ.

ಕುಂದಾಪುರ_ಕಾರು
ಹಾಗಾದರೆ ಉಳಿದ ದಾರಿ ಯಾವುದು?

ಪೀಣ್ಯ_ಪ್ಲೇಟಿಂಗ್
ಹಳೇ ಪದರ ಪೂರ್ತಿ ತೆಗೆಸಿ, ತುಕ್ಕು ಎಷ್ಟು ಆಳ ಹೋಗಿದೆ ನೋಡಿ. ಬೀಡ್ ಅಂಚು, ನಟ್ ಜಾಗ ಸರಿ ಇದ್ದರೆ ಕನ್ವರ್ಷನ್ ಕೋಟಿಂಗ್ ಮಾಡಿಸಿ ಸಿಲ್ವರ್ ಪೌಡರ್ ಕೋಟ್ ಮಾಡಿಸಿ. ಎರಡು ಎಚ್ಚರಿಕೆ. ಪದರ ತೆಗೆಯಲು ಚಕ್ರವನ್ನು ಭಟ್ಟಿಯಲ್ಲಿ ಸುಡಲು ಬಿಡಬೇಡಿ, ಕೆಮಿಕಲ್ ಅಥವಾ ಹಗುರ ಬ್ಲಾಸ್ಟಿಂಗ್ (ಸಣ್ಣ ಕಣಗಳನ್ನು ರಭಸದಿಂದ ಹೊಡೆಯುವುದು) ಸಾಕು. ಅಲಾಯ್‌ಗೆ ಬಲ ಬರುವುದು ಹೀಟ್ ಟ್ರೀಟ್‌ಮೆಂಟ್‌ನಿಂದ. ಜಾಸ್ತಿ ಸುಟ್ಟರೆ ಆ ಬಲವೇ ಹೋಗುತ್ತದೆ. ಪೌಡರ್ ಕೋಟ್ 180ರಿಂದ 200 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬೇಯುತ್ತದೆ, ಅಷ್ಟಕ್ಕೆ ತೊಂದರೆ ಇಲ್ಲ. ಎರಡನೆಯದು, ಬೀಡ್ ಅಂಚಿಗೂ ನಟ್ ಜಾಗಕ್ಕೂ ದಪ್ಪ ಪೌಡರ್ ಬೀಳದಂತೆ ಮಾಸ್ಕ್ ಮಾಡಿಸಿ.

ಹೊಳಪು_ಪ್ರಿಯ
ಹೊಳಪು ಬೇಕು ಅನ್ನುವವರಿಗೆ ಡೈಮಂಡ್ ಕಟ್ ಇದೆಯಲ್ಲ? ಈಗ ಹೊಸ ಕಾರುಗಳ ಟಾಪ್ ಮಾಡೆಲ್‌ನಲ್ಲೆಲ್ಲ ಅದೇ.

ಡೀಟೇಲಿಂಗ್_ಹುಬ್ಬಳ್ಳಿ
ಅದೂ ಬರೀ ಅಲ್ಯೂಮಿನಿಯಂ ಅನ್ನು ಲೇತ್‌ನಲ್ಲಿ ಕೊರೆದು ಮೇಲೆ ಕ್ಲಿಯರ್ ಕೋಟ್ ಹಾಕಿದ್ದು. ಕರ್ಬ್‌ಗೆ ಒಮ್ಮೆ ಉಜ್ಜಿದರೆ ಅಲ್ಲಿಂದ ಇದೇ ಬಿಳಿ ದಾರ ಶುರು. ಪ್ರತಿ ಸಲ ಮರುಕಟಿಂಗ್ ಮಾಡಿದಾಗ ಲೋಹ ಹೋಗುತ್ತದೆ. ಎಷ್ಟು ಸಲ ಅಂತ ಮಾಡಿಸುತ್ತೀರಿ?

ವಕೀಲ_ಶಿವಮೊಗ್ಗ
ಫಿನಿಷ್ ಚರ್ಚೆ ಆಯಿತು, ಅಂಗಡಿಯವರನ್ನು ಸುಮ್ನೆ ಬಿಡಬೇಡಿ. ಬಿಲ್‌ನಲ್ಲಿ "ಕ್ರೋಮ್" ಅಂತ ಬರೆದು ಪೇಂಟ್ ಮಾಡಿದ ಚಕ್ರ ಕೊಟ್ಟಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷ ಇರುವ ಸರಕು, ತಪ್ಪು ದಾರಿಗೆಳೆಯುವ ವಿವರಣೆ ಎರಡಕ್ಕೂ ದೂರು ಕೊಡಬಹುದು. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಹಾಕಬಹುದು, ಬೆಂಗಳೂರಿಗೆ ಓಡಾಡುವುದು ಬೇಡ. 5 ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮೊದಲು ಬರವಣಿಗೆಯಲ್ಲಿ ನೋಟಿಸ್ ಕೊಡಿ. ಫೋಟೋ, ಮಲ್ಟಿಮೀಟರ್ ವಿಡಿಯೋ, ಬಿಲ್ ಎಲ್ಲ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಪದರ ತೆಗೆಸಬೇಡಿ, ಸಾಕ್ಷಿ ಹೋಗುತ್ತದೆ.

ಸಿಲ್ವರ್_ಸಾಕು
ಇದು ಸರಿಯಾದ ಮಾತು. ಎಲ್ಲರೂ ಸುಮ್ಮನಿರುವುದಕ್ಕೇ ಅಂಗಡಿಯವರು ಹೀಗೆ ಮಾಡುವುದು.

ಕುಂದಾಪುರ_ಕಾರು
ಎಲ್ಲರಿಗೂ ಧನ್ಯವಾದ. ಅಪ್‌ಡೇಟ್ ಹೇಳುತ್ತೇನೆ. ಅಟ್ಟದ ಮೇಲೆ ಹಳೇ ಸ್ಟೀಲ್ ರಿಮ್‌ಗಳು ಇದ್ದವು, ಟಯರ್ ಸಮೇತ. ಟಯರ್ ಚೆಕ್ ಮಾಡಿಸಿ ಹಾಕಿಸಿದೆ. ಕ್ರೋಮ್ ಸೆಟ್ ಹಾಗೇ ಇಟ್ಟಿದ್ದೇನೆ. ಅಂಗಡಿಗೆ ಮಲ್ಟಿಮೀಟರ್ ವಿಡಿಯೋ ಕಳಿಸಿ, "ಇದು ಪ್ಲೇಟಿಂಗ್ ಅಂತ ಬರೆದು ಕೊಡಿ" ಅಂದೆ. ಆಸಿಡ್ ಮಾತು ನಿಂತಿದೆ, ಈಗ ಅರ್ಧ ದುಡ್ಡು ವಾಪಸ್ ಕೊಡುತ್ತೇವೆ ಅಂತಿದ್ದಾರೆ. ನಾನು ಪೂರ್ತಿ ಕೇಳಿ ನೋಟಿಸ್ ಕಳಿಸಿದ್ದೇನೆ.

ವಕೀಲ_ಶಿವಮೊಗ್ಗ
ಅರ್ಧಕ್ಕೆ ಒಪ್ಪಬೇಡಿ. ಅವರ ಆ ಮೆಸೇಜ್ ಅನ್ನೂ ಸೇವ್ ಮಾಡಿ.

ಹೊಸಬ_ಬಳ್ಳಾರಿ
ಇದೇ ವಿಷಯ ಅಂತ ಇಲ್ಲೇ ಕೇಳುತ್ತೇನೆ. ನಾನು ಬರೀ ವಾಲ್ವ್‌ಗೆ ಕ್ರೋಮ್ ಮುಚ್ಚಳ ಹಾಕಿಸಿದ್ದೆ, ಈಗ ತಿರುಗುತ್ತಲೇ ಇಲ್ಲ. ಕಾರಿನಲ್ಲಿ ಟಯರ್ ಪ್ರೆಷರ್ ಸೆನ್ಸರ್ ಇದೆ.

ಟಯರ್_ದಾವಣಗೆರೆ
ಸೆನ್ಸರ್ ಇರುವ ವಾಲ್ವ್ ಕೊಳವೆ ಎಷ್ಟೋ ಕಾರುಗಳಲ್ಲಿ ಅಲ್ಯೂಮಿನಿಯಂ. ಮೇಲೆ ಕ್ರೋಮ್ ಮಾಡಿದ ಹಿತ್ತಾಳೆ ಮುಚ್ಚಳ ಹಾಕಿದರೆ ಎರಡೂ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇಕ್ಕಳ ಹಾಕಿ ಬಲವಾಗಿ ತಿರುಗಿಸಬೇಡಿ, ಕೊಳವೆಯೇ ಮುರಿದು ಸೆನ್ಸರ್ ಸಮೇತ ಬದಲಾಯಿಸಬೇಕಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಕೊಳವೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮುಚ್ಚಳ ಮಾತ್ರ ನಿಧಾನಕ್ಕೆ ತಿರುಗಿಸಿ. ಬಿಟ್ಟರೆ ಕಾರಿನ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನೇ ಮತ್ತೆ ಹಾಕಿ.